ಉಣುಗು ಯಾವ ಇಲಾಖೆಗೆ ಸೇರಿದ್ದು?

ಮುಂಬಯಿಯಲ್ಲೋ ದೆಹಲಿಯಲ್ಲೋ ಹುಟ್ಟಿ ಬೆಳೆದ ಕನ್ನಡದ ಮಕ್ಕಳಿಗೆ ಉಣ್ಣೆ ಎಂದರೆ ಸ್ವೆಟರು. ಅಜ್ಜನ ಮನೆ ಸಾಗರದ ಕಡೆಯೋ ತೀರ್ಥಹಳ್ಳಿಯ ಕಡೆಯೋ ಇದ್ದರೆ ಅಲ್ಲಿನ ಕೊಟ್ಟಿಗೆಯಲ್ಲಿ ಆ ಪದದ ಅರ್ಥವೇ ಬೇರೆ. ದನದ ಕಿವಿಯೊಳಗೆ, ಕೆಚ್ಚಲ ಸಂದಿಯಲ್ಲಿ, ಬಾಲದ ಬುಡದಲ್ಲಿ ಕಚ್ಚಿ ಕೂತು, ರಕ್ತ ಹೀರಿ ಹೀರಿ ಹರಳುಬೀಜದ ಹಾಗೆ ಊದಿಕೊಳ್ಳುವ ಜೀವಿ ಅದು. ಸ್ವೆಟರಿನ ಉಣ್ಣೆ ಸಂಸ್ಕೃತದ ಊರ್ಣೆಯಿಂದ ಬಂದದ್ದು. ದನದ ಉಣ್ಣೆಗೂ ಅದಕ್ಕೂ ನೆಂಟಸ್ತಿಕೆ ಇಲ್ಲ. ಇದು ಉಣ್ಣುವುದನ್ನು ನೆನಪಿಸುವ ದ್ರಾವಿಡ ಪದ. ಚೆನ್ನೈನವರಿಗೆ ಇದು ಉಣ್ಣಿ, ಪುಣೆಯವರಿಗೆ ಗೋಚೀಡ, ಹೈದರಾಬಾದಿನವರಿಗೆ ಪಿಡುದು. ಮಲೆನಾಡಿನ ಹಲವು ಕಡೆ ಉಣುಗು. ಇಲ್ಲಿ ಮುಂದೆ ಉಣುಗು ಎಂದೇ ಇರಲಿ.

ಮಲೆನಾಡಿನಲ್ಲಿ ಮಳೆಗಾಲಕ್ಕೆ ಉಂಬಳ, ಮಳೆ ಹೋದ ಮೇಲೆ ಉಣುಗು. ಕಾಡು, ತೋಟಗಳಲ್ಲಿ ಓಡಾಡುವ ಎಲ್ಲರ ಅನುಭವ ಇದು. ಮನುಷ್ಯರ ಕಾಲಿಗೆ ಉಣುಗು ಹತ್ತುವುದು ಚಳಿಗಾಲದಿಂದ ಬೇಸಿಗೆಯವರೆಗೆ. ಆದರೆ ಅದೇ ಊರಿನ ದನದ ಮೈಗೆ ಕಾಡಿನ ದೊಡ್ಡ ಉಣುಗು ಹತ್ತುವುದು ಜಡಿಮಳೆಯ ಜೂನ್, ಜುಲೈ, ಆಗಸ್ಟ್‌ನಲ್ಲಿ. ಇವು ಎರಡು ಬೇರೆ ಬೇರೆ ಪ್ರಾಣಿಗಳಲ್ಲ. ಒಂದೇ ಪ್ರಾಣಿಯ ಎರಡು ವಯಸ್ಸು. ಅರುವತ್ತು ವರ್ಷಕ್ಕೂ ಹಿಂದಿನಿಂದ ಇದು ಗೊತ್ತಿರುವ ಸಂಗತಿ. ಆದರೂ ಮಂಗನ ಕಾಯಿಲೆಯ ವಿರುದ್ಧ ಸರ್ಕಾರ ಎದ್ದು ಕೂರುವುದು ಮನುಷ್ಯರಿಗೆ ಉಣುಗು ಹತ್ತುವ ಕಾಲದಲ್ಲಿ ಮಾತ್ರ. ದನಕ್ಕೆ ಹತ್ತುವ ಕಾಲದಲ್ಲಿ ಯಾರಿಗೂ ಅದರ ನೆನಪಿರುವುದಿಲ್ಲ. ತಕರಾರು ಇದಿಷ್ಟೇ. ಆದರೆ ಈ ಮರೆವಿಗೆ ಜೀವ ತೆತ್ತವರಿದ್ದಾರೆ.

ಹಿನ್ನೆಲೆ ಗೊತ್ತಿಲ್ಲದವರಿಗೆ ಎರಡು ಮಾತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು. ಸುತ್ತಲಿನ ಹಳ್ಳಿಗಳಲ್ಲಿ ಜನ ವಿಪರೀತ ಜ್ವರ, ತಲೆನೋವು, ಮೈಕೈ ನೋವು, ರಕ್ತಸ್ರಾವದಿಂದ ಮಲಗಿದರು. ಮೊದಲು ಹಳದಿ ಜ್ವರವಿರಬಹುದೆಂಬ ಅನುಮಾನವಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು, ಅಂದರೆ ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆಯವರು, ಅದೇ ವರ್ಷ ಇದು ಹೊಸ ವೈರಸ್ ಎಂದು ಪತ್ತೆ ಮಾಡಿದರು. ಅದನ್ನು ಹರಡುವುದು ಮುಖ್ಯವಾಗಿ ಹೀಮಾಫಿಸಾಲಿಸ್ ಸ್ಪಿನಿಜೆರಾ ಎಂಬ ಕಾಡಿನ ಉಣುಗು ಎಂಬುದೂ ಬೇಗನೆ ತಿಳಿಯಿತು. ಸೊರಬದ ಒಂದು ಕಾಡಿನ ಹೆಸರು ಜಗತ್ತಿನ ವೈದ್ಯಕೀಯ ಪುಸ್ತಕಗಳನ್ನು ಸೇರಿತು. ಊರಿನವರು ಮಾತ್ರ ಅದನ್ನು ಮಂಗನ ಕಾಯಿಲೆ ಎಂದು ಕರೆದರು. ಕಾಯಿಲೆ ಬಿದ್ದವರಲ್ಲಿ ನೂರಕ್ಕೆ ಮೂರರಿಂದ ಐದು ಜನ ಸಾಯುತ್ತಾರೆ. ಇದಕ್ಕೆಂದೇ ಇರುವ ಮದ್ದು ಇವತ್ತಿಗೂ ಇಲ್ಲ.

ಮಂಗನ ಕಾಯಿಲೆ ಎಂಬ ಹೆಸರು ಜನರ ಕಣ್ಣಿಗೆ ಕಂಡದ್ದರಿಂದ ಹುಟ್ಟಿದ್ದು. ಮಂಗ ಸತ್ತದ್ದು ಕಾಣುತ್ತದೆ, ಎಳ್ಳಿನಷ್ಟು ಗಾತ್ರದ ಉಣುಗು ಕಾಣುವುದಿಲ್ಲ. ಜನ ಇಟ್ಟ ಹೆಸರಿನಲ್ಲಿ ತಪ್ಪು ಹುಡುಕುವ ಅಗತ್ಯವಿಲ್ಲ. ಆದರೆ ಸರ್ಕಾರದ ಕಾರ್ಯಕ್ರಮ ಆ ಹೆಸರಿನ ಹಿಂದೆ ಹೋದದ್ದು ತಪ್ಪು. ಮಂಗ ಸತ್ತರೆ ಎಚ್ಚರಿಕೆ, ಸತ್ತ ಜಾಗದ ಸುತ್ತ ಮೆಲಾಥಿಯಾನ್ ಪುಡಿ, ಊರವರಿಗೆ ಡೆಪಾ ಎಣ್ಣೆ, ಕಾಡಿಗೆ ಹೋಗಬೇಡಿ ಎಂಬ ಪ್ರಚಾರ. ಇವು ಬೇಡ ಎಂದಲ್ಲ. ಸತ್ತ ಮಂಗದ ಮೈಯಿಂದ ಇಳಿದ ಉಣುಗುಗಳು ಆ ಜಾಗವನ್ನು ನಿಜಕ್ಕೂ ಅಪಾಯದ ತಾಣ ಮಾಡುತ್ತವೆ. ಆದರೆ ಮಂಗ ಸಾಯುವ ಹೊತ್ತಿಗೆ ಆ ವರ್ಷದ ಉಣುಗುಗಳೆಲ್ಲ ಹುಟ್ಟಿ, ಬೆಳೆದು, ವೈರಸ್ ಹೊತ್ತು ತರಗೆಲೆಯ ಮೇಲೆ ಕಾಯುತ್ತ ಕೂತಿರುತ್ತವೆ. ಮಂಗವೂ ಮನುಷ್ಯರ ಹಾಗೆ ಕಡಿಸಿಕೊಂಡು ಸತ್ತ ಪ್ರಾಣಿಯೇ. ಉಣುಗು ಇಷ್ಟೊಂದು ಆದದ್ದು ಎಲ್ಲಿಂದ ಎಂದು ಕೇಳಿದರೆ ದನದ ಹತ್ತಿರ ಹೋಗಬೇಕು.

ತಿಂಗಳುಗಳನ್ನು ಹಿಡಿದು ಹೋದರೆ ಇದು ಸುಲಭವಾಗಿ ತಿಳಿಯುತ್ತದೆ. ಜೂನ್‌ನ ಮೊದಲ ಮಳೆಗಳು ಬಿದ್ದ ಮೇಲೆ ದೊಡ್ಡ ಉಣುಗು ಚುರುಕಾಗುತ್ತದೆ. ಜುಲೈ, ಆಗಸ್ಟ್‌ನಲ್ಲಿ ಅದರ ಸಂಖ್ಯೆ ಅತಿ ಹೆಚ್ಚು, ಸೆಪ್ಟೆಂಬರ್‌ನಲ್ಲಿ ಇಳಿಮುಖ. ಈ ವಯಸ್ಸಿನಲ್ಲಿ ಅದಕ್ಕೆ ಬೇಕಾದದ್ದು ದೊಡ್ಡ ಪ್ರಾಣಿಯ ರಕ್ತ. ಕಾಡಿನಲ್ಲಿ ಕಾಟಿ, ಕಡವೆಗಳಿವೆ. ಆದರೆ ಊರಿನ ಅಂಚಿನ ಕಾಡಿನಲ್ಲಿ ದಿನವೂ ತಪ್ಪದೆ ಸಿಗುವ ದೊಡ್ಡ ಪ್ರಾಣಿ ದನ. ಹೆಣ್ಣು ಉಣುಗು ಹೊಟ್ಟೆ ತುಂಬ ರಕ್ತ ಕುಡಿದು ದನದ ಮೈಯಿಂದ ಕೆಳಗೆ ಬೀಳುತ್ತದೆ. ಕಾಡಿನ ದಾರಿಯಲ್ಲಿ, ತೋಟದ ಬದಿಯಲ್ಲಿ, ಮನೆಯ ಹಿತ್ತಲಲ್ಲಿ, ಬಿದ್ದಲ್ಲೇ ರಾಶಿ ಮೊಟ್ಟೆಯಿಟ್ಟು ಸಾಯುತ್ತದೆ. ಮಳೆ ಕಡಿಮೆಯಾಗುತ್ತಿದ್ದಂತೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ಆರು ಕಾಲಿನ ಮರಿಗಳು ಹೊರಬಂದು ಇಲಿ, ಮೂಗಿಲಿ, ಅಳಿಲು, ಹಕ್ಕಿ, ಮಂಗಗಳ ಮೈ ಹತ್ತುತ್ತವೆ. ಅಲ್ಲಿ ರಕ್ತ ಕುಡಿದು, ಕೆಳಗಿಳಿದು, ಪೊರೆ ಕಳಚಿ ಎಂಟು ಕಾಲಿನ ನಡುಪ್ರಾಯಕ್ಕೆ ಬರುತ್ತವೆ. ಇದಕ್ಕೆ ನಿಂಫ್ ಎನ್ನುತ್ತಾರೆ. ನವೆಂಬರ್‌ನಿಂದ ಮುಂದಿನ ಮಳೆಯವರೆಗೆ ಕಾಡಿನಲ್ಲಿ ಇವುಗಳದ್ದೇ ರಾಜ್ಯಭಾರ. ಮನುಷ್ಯರನ್ನು ಕಚ್ಚಿ ಕಾಯಿಲೆ ತರುವುದು ಹೆಚ್ಚಾಗಿ ಈ ನಿಂಫ್. ಅಡಿಕೆ ಕೊಯ್ಲು, ಸೌದೆ, ಕೊಟ್ಟಿಗೆಗೆ ಹಾಸಲು ಬೇಕಾದ ದರಗು ಗುಡಿಸುವುದು, ಎಲ್ಲವೂ ಇದೇ ತಿಂಗಳುಗಳಲ್ಲಿ. ಜನವರಿಯಲ್ಲಿ ದರಗು ಗುಡಿಸುವ ಹೆಂಗಸಿನ ಕಾಲಿಗೆ ಹತ್ತುವ ನಿಂಫ್, ಜುಲೈಯಲ್ಲಿ ಯಾವುದೋ ದನದ ಕಿವಿಯಲ್ಲಿ ಕೂತಿದ್ದ ಉಣುಗಿನ ಸಂತಾನ.

ದನ ಕಾಡಿಗೆ ಮೇಯಲು ಹೋಗುವುದರಿಂದಲೇ ಈ ಉಣುಗು ಹೆಚ್ಚುತ್ತದೆ ಎಂಬ ವಾದವನ್ನು ಹೊರ್ಹೆ ಬೊಷೆಲ್ ಎಂಬ ಕೊಲಂಬಿಯಾದ ವಿಜ್ಞಾನಿ 1969ರಷ್ಟು ಹಿಂದೆಯೇ ಮುಂದಿಟ್ಟಿದ್ದರು. 2020ರಲ್ಲಿ ಭಾರತ ಮತ್ತು ಬ್ರಿಟನ್ನಿನ ಸಂಶೋಧಕರು ಪ್ರಕಟಿಸಿದ ಅಧ್ಯಯನವೂ ನಿತ್ಯಹರಿದ್ವರ್ಣ ಕಾಡು ಮತ್ತು ತೋಟ ಕಲಸಿಕೊಂಡಿರುವ, ನಾಡ ದನಗಳು ಹೆಚ್ಚಿರುವ ಜಾಗಗಳಲ್ಲಿ ಅಪಾಯ ಹೆಚ್ಚೆಂದು ತೋರಿಸಿತು. ನಡುವಿನ ಐವತ್ತು ವರ್ಷಗಳಲ್ಲಿ ಈ ತಿಳಿವಳಿಕೆ ಮಳೆಗಾಲದ ಒಂದು ಸರ್ಕಾರಿ ಕಾರ್ಯಕ್ರಮವಾಗಿ ಬೇರು ಬಿಡಲಿಲ್ಲ.

ಯಾಕೆ? ಕಚೇರಿಗಳ ಕಡೆ ನೋಡಿದರೆ ಉತ್ತರ ಸಿಗುತ್ತದೆ. ಮನುಷ್ಯರಿಗೆ ಜ್ವರ ಬಂದರೆ ಅದು ಆರೋಗ್ಯ ಇಲಾಖೆಯದು. ಮಂಗ ಸತ್ತರೆ ಅರಣ್ಯ ಇಲಾಖೆಯದು. ದನಕ್ಕೆ ಕಾಯಿಲೆ ಬಂದರೆ ಪಶುಪಾಲನಾ ಇಲಾಖೆಯದು. ಆದರೆ ಈ ವೈರಸ್‌ನಿಂದ ದನಕ್ಕೆ ಕಾಯಿಲೆಯೇ ಬರುವುದಿಲ್ಲ. ಉಣುಗನ್ನು ಸಾಕುತ್ತದೆ, ತಾನು ಆರಾಮಾಗಿರುತ್ತದೆ. ಹಾಗಾಗಿ ಪಶುವೈದ್ಯರ ಲೆಕ್ಕದ ಪುಸ್ತಕದಲ್ಲಿ ಮಂಗನ ಕಾಯಿಲೆಗೆ ಜಾಗವಿಲ್ಲ. ಮಳೆಗಾಲದ ಸುತ್ತಮುತ್ತ ಅವರಿಗೆ ಗಳಲೆ ರೋಗ, ಚಪ್ಪೆ ರೋಗ, ಕಾಲುಬಾಯಿ ಜ್ವರದ ಚಿಂತೆಯೇ ಸಾಕಷ್ಟಿರುತ್ತದೆ. ಉಳಿದದ್ದು ಉಣುಗು. ಅದು ಯಾರ ಇಲಾಖೆಗೂ ಸೇರದ ಪ್ರಾಣಿ.

ದನಕ್ಕೆ ಉಣುಗಿನ ಮದ್ದು ಕೊಡಬೇಕೆಂಬ ಮಾತು ಸರ್ಕಾರಿ ಸೂಚನೆಗಳಲ್ಲಿ ಇಲ್ಲವೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಇದೆ. ಆದರೆ ಪ್ರಕರಣಗಳು ವರದಿಯಾಗಿ, ಪತ್ರಿಕೆಗಳಲ್ಲಿ ಬಂದು, ಮಂತ್ರಿಗಳು ಸಭೆ ಕರೆದ ಮೇಲೆ ಆ ಸಾಲಿಗೆ ಜೀವ ಬರುತ್ತದೆ. 2018ರ ಡಿಸೆಂಬರ್‌ನಿಂದ 2019ರ ಬೇಸಿಗೆಯವರೆಗೆ ಸಾಗರ ತಾಲೂಕಿನ ಅರಳಗೋಡು ಸುತ್ತಮುತ್ತ ಸಾವಿನ ಮೇಲೆ ಸಾವಾದಾಗ ಇಡೀ ರಾಜ್ಯ ಉಣುಗಿನ ಬಗ್ಗೆ ಮಾತಾಡಿತು. ಜನವರಿಯಲ್ಲಿ ದನಕ್ಕೆ ಮದ್ದು ಹಚ್ಚಿದರೆ ತಪ್ಪೇನಿಲ್ಲ, ಆದರೆ ಆಗ ಅಪಾಯದ ನಿಂಫ್‌ಗಳು ಇರುವುದು ಹೆಚ್ಚಾಗಿ ತರಗೆಲೆಯಲ್ಲಿ ಮತ್ತು ಸಣ್ಣ ಪ್ರಾಣಿಗಳ ಮೈಮೇಲೆ. ಮೊಟ್ಟೆಯಿಡುವ ಹೆಣ್ಣುಗಳು ದನದ ಮೈಮೇಲಿದ್ದ ಕಾಲ ಮುಗಿದು ನಾಲ್ಕೈದು ತಿಂಗಳಾಗಿರುತ್ತದೆ.

ಇಲ್ಲಿ ಇನ್ನೊಂದು ತೊಡಕಿದೆ. ಕರಪತ್ರಗಳ ಕನ್ನಡದಲ್ಲಿ ಉಣುಗೆಲ್ಲ ಒಂದೇ. ಕೆಲವೊಮ್ಮೆ ಅದನ್ನು ಕೀಟ ಎಂದೂ ಬರೆಯುತ್ತಾರೆ. ಎಂಟು ಕಾಲಿನ ಇದು ಜೇಡ, ಚೇಳುಗಳ ಬಳಗದ್ದು. ಪದದ ತಪ್ಪು ಬಿಡಿ, ಕೆಲಸದ ತಪ್ಪು ದೊಡ್ಡದು. ದನದ ಮೈಮೇಲೆ ಸಿಗುವ ಉಣುಗುಗಳಲ್ಲಿ ಮೂರು ಬಗೆಯನ್ನಾದರೂ ಬೇರೆ ಬೇರೆಯಾಗಿ ನೋಡಬೇಕು.

ದೇಶದ ಉದ್ದಗಲಕ್ಕೂ ಇರುವುದು ರಿಪಿಸೆಫಾಲಸ್ ಮೈಕ್ರೊಪ್ಲಸ್. ಮಿಶ್ರತಳಿಯ ಹಸುಗಳಿಗೆ ಕಾಫಿ ಬಣ್ಣದ ಮೂತ್ರ ಬರಿಸುವ ಬಬೇಸಿಯಾ ರೋಗ ಇದರಿಂದ. ಮಳೆಗಾಲದಲ್ಲಿ ಮತ್ತು ಅದರ ಬೆನ್ನಿಗೆ ಇದರ ಕಾಟ ಹೆಚ್ಚು. ಮರಿಯಾಗಿ ಹತ್ತಿದ್ದು ದೊಡ್ಡದಾಗಿ ಇಳಿಯುವವರೆಗೆ ಒಂದೇ ದನದ ಮೈಮೇಲೆ ಇರುತ್ತದೆ, ಸುಮಾರು ಮೂರು ವಾರ. ಆದ್ದರಿಂದ ಆ ಅಂತರದಲ್ಲಿ ದನದ ಮೈಗೆ ಮದ್ದು ಮಾಡಿದರೆ ಇದು ಹತೋಟಿಗೆ ಬರುತ್ತದೆ.

ಎರಡನೆಯದು ಒಣ ಪ್ರದೇಶಗಳ ಹಯಲೊಮ್ಮಾ ಅನಟೋಲಿಕಮ್. ಥೈಲೇರಿಯಾ ಜ್ವರ ತಂದು ಹಾಲಿನ ಹಸುಗಳನ್ನು ಕೊಲ್ಲುತ್ತದೆ. ಬಿಸಿಲು ಏರಿದಂತೆ, ಮಳೆ ಶುರುವಾದಂತೆ ಹೆಚ್ಚುತ್ತದೆ. ಚಳಿಗೆ ಕೊಟ್ಟಿಗೆಯ ಗೋಡೆಯ ಬಿರುಕಿನಲ್ಲಿ ಅಡಗುತ್ತದೆ. ದನಕ್ಕಷ್ಟೇ ಮದ್ದು ಮಾಡಿ ಗೋಡೆಗೆ ಗಾರೆ ಮೆತ್ತದಿದ್ದರೆ ಪ್ರಯೋಜನವಿಲ್ಲ.

ಮೂರನೆಯದು ಮಲೆನಾಡಿನ ಹೀಮಾಫಿಸಾಲಿಸ್. ಇದು ಮೂರು ವಯಸ್ಸಿನಲ್ಲಿ ಮೂರು ಪ್ರಾಣಿಗಳ ರಕ್ತ ಕುಡಿಯುತ್ತದೆ, ಆಯುಷ್ಯದ ಬಹುಪಾಲನ್ನು ಯಾವ ಪ್ರಾಣಿಯ ಮೈಮೇಲೂ ಇಲ್ಲದೆ ಕಾಡಿನ ನೆಲದಲ್ಲಿ ಕಳೆಯುತ್ತದೆ. ಇಡೀ ಕಾಡಿಗೆ ಔಷಧ ಹೊಡೆಯಲು ಸಾಧ್ಯವಿಲ್ಲ, ಹೊಡೆಯಲೂ ಬಾರದು. ಜೇನು, ಏಡಿ, ಮೀನು ಎಲ್ಲ ಹೋಗುತ್ತವೆ. ಆದರೆ ವರ್ಷದಲ್ಲಿ ಒಂದು ಕಾಲಕ್ಕೆ ಈ ಉಣುಗನ್ನು ಹುಡುಕಿಕೊಂಡು ಕಾಡಿಗೆ ಹೋಗಬೇಕಿಲ್ಲ. ಮಳೆಗಾಲದ ಸಂಜೆ ಅದು ದನದ ಮೈಮೇಲೆ ಕೂತು ತಾನಾಗಿ ಕೊಟ್ಟಿಗೆಗೆ ಬರುತ್ತದೆ. ಅದೂ ಮೊಟ್ಟೆಯಿಡಲಿರುವ ಹೆಣ್ಣು. ಜುಲೈಯಲ್ಲಿ ಕೊಂದ ಒಂದು ಹೆಣ್ಣು ಎಂದರೆ ಹುಟ್ಟದೇ ಹೋದ ಮರಿಗಳ ಒಂದು ದೊಡ್ಡ ರಾಶಿ. ಇಷ್ಟು ಸುಲಭದ ಅವಕಾಶ ವರ್ಷದ ಬೇರೆ ಯಾವ ತಿಂಗಳಲ್ಲೂ ಸಿಗುವುದಿಲ್ಲ.

ಈ ವಾದ ಕೇಳಿದ ಕೂಡಲೇ ಕೆಲವರಿಗೆ ಸಿಗುವ ಪರಿಹಾರ ದನವನ್ನು ಕಾಡಿಗೆ ಬಿಡುವುದನ್ನೇ ನಿಷೇಧಿಸುವುದು. ತಪ್ಪೆಲ್ಲ ರೈತರದ್ದು ಎಂದು ಕೈ ತೊಳೆದುಕೊಳ್ಳುವ ದಾರಿ ಇದು. ಮಲೆನಾಡು ಗಿಡ್ಡ ದನವನ್ನು ಯಾರೂ ಹಾಲಿನ ಲಾಭಕ್ಕೆ ಸಾಕುವುದಿಲ್ಲ, ಅದು ಕೊಡುವ ಹಾಲು ಮನೆಯ ಚಹಾಕ್ಕೆ ಸಾಲುವಷ್ಟು. ಸಾಕುವುದು ಗೊಬ್ಬರಕ್ಕೆ. ಕಾಡಿನ ಸೊಪ್ಪು, ದರಗು ಕೊಟ್ಟಿಗೆಗೆ ಬಂದು, ಸಗಣಿ ಗಂಜಲದ ಜೊತೆ ಕೊಳೆತು, ತೋಟಕ್ಕೆ ಹೋದರೆ ಮಾತ್ರ ಅಡಿಕೆ ನಿಲ್ಲುತ್ತದೆ. ಜಮೀನೇ ಇಲ್ಲದವರಿಗೆ ಕಾಡಿನ ಮೇವು ಬಿಟ್ಟರೆ ಬೇರೆ ಮೇವಿಲ್ಲ. ಕಾಡಿಗೆ ಹೋಗಬೇಡಿ ಎಂಬ ಸೂಚನೆಯನ್ನು, ಮನೆಯ ಹಿತ್ತಲೇ ಕಾಡಾಗಿರುವವರು ಹೇಗೆ ಪಾಲಿಸಬೇಕು? ಇನ್ನು ಕಾಡನ್ನೇ ಕಡಿದರೆ ಏನಾಗುತ್ತದೆ ಎಂಬುದಕ್ಕೆ ಬೆಳ್ತಂಗಡಿ ತಾಲೂಕಿದೆ. 1980ರ ದಶಕದ ಆರಂಭದಲ್ಲಿ ಅಲ್ಲಿ ಗೇರು ನೆಡಲು ಕಾಡು ಸವರಿದ ಜಾಗದ ಸುತ್ತಲೇ ಈ ಕಾಯಿಲೆ ಭೀಕರವಾಗಿ ಹಬ್ಬಿತ್ತು.

ರೈತರೇ ಸ್ವಂತ ಖರ್ಚಿನಲ್ಲಿ ಮದ್ದು ಹಾಕಿಕೊಳ್ಳಲಿ ಎನ್ನುವವರೂ ಇದ್ದಾರೆ. ಲೆಕ್ಕ ಅಲ್ಲಿಯೂ ಕೂಡುವುದಿಲ್ಲ. ದಿನಕ್ಕೆ ಹತ್ತು ಲೀಟರ್ ಕೊಡುವ ಮಿಶ್ರತಳಿ ಹಸುವಿಗೆ ಉಣುಗು ಹತ್ತಿದರೆ ಯಜಮಾನ ಖರ್ಚು ಮಾಡುತ್ತಾನೆ, ಯಾಕೆಂದರೆ ಹಾಲು ಕಡಿಮೆಯಾಗುತ್ತದೆ. ಒಂದು ಲೀಟರ್ ಕೊಡುವ ಗಿಡ್ಡಕ್ಕೆ, ಅದೂ ಆರಾಮಾಗಿ ಓಡಾಡಿಕೊಂಡಿರುವ ದನಕ್ಕೆ, ಮಳೆಗಾಲದ ಉದ್ದಕ್ಕೂ ಮದ್ದು ಕೊಳ್ಳಿ ಎಂದರೆ ಯಾರು ಕೊಳ್ಳುತ್ತಾರೆ? ಲಾಭ ಆಗುವುದು ಆರು ತಿಂಗಳ ನಂತರ ದರಗು ಗುಡಿಸುವ ಇನ್ನೊಬ್ಬರಿಗೆ. ಊರಿಗೆಲ್ಲ ಲಾಭವಾಗುವ ಕೆಲಸದ ಖರ್ಚು ಊರಿನದ್ದೇ ಆಗಬೇಕು, ಅಂದರೆ ಸರ್ಕಾರದ್ದು. ಕೊಳವೆಬಾವಿಯ ನೀರಿಗೆ ಕ್ಲೋರಿನ್ ಹಾಕಲು ಯಾರೂ ಮನೆಮನೆಯಿಂದ ದುಡ್ಡು ಕೇಳುವುದಿಲ್ಲ.

ಮೂರನೆಯ ಮಾತು ಲಸಿಕೆಯದು. ಹಳೆಯ ಲಸಿಕೆ ಸಾಕಷ್ಟು ಪರಿಣಾಮಕಾರಿಯಲ್ಲ ಎಂಬ ಕಾರಣಕ್ಕೆ 2022ರ ಹೊತ್ತಿಗೆ ಅದನ್ನು ಹಾಕುವುದು ನಿಂತಿತು. ಐಸಿಎಂಆರ್ ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಜೊತೆ ಸೇರಿ ಹೊಸದನ್ನು ತಯಾರಿಸುವ ಕೆಲಸಕ್ಕೆ ಇಳಿದಿದೆ. ಅದು ಬೇಗ ಬರಲಿ, ಎಲ್ಲರಿಗೂ ಸಿಗಲಿ. ಆದರೆ ಲಸಿಕೆ ಹಾಕಿಸಿಕೊಂಡವರನ್ನು ಕಾಯುತ್ತದೆಯೇ ಹೊರತು ಕಾಡಿನಲ್ಲಿ ಒಂದು ಉಣುಗನ್ನೂ ಕಡಿಮೆ ಮಾಡುವುದಿಲ್ಲ. ಒಳ್ಳೆಯ ಲಸಿಕೆ ಬರುತ್ತದೆ ಎಂಬ ನಂಬಿಕೆಯಲ್ಲಿ ಇನ್ನಷ್ಟು ಮಳೆಗಾಲಗಳನ್ನು ಸುಮ್ಮನೆ ಕಳೆಯುವುದು ಸರಿಯಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಮೊದಲನೆಯದು, ಮದ್ದು ಮೇ ತಿಂಗಳ ಕೊನೆಗೆ ಹಳ್ಳಿಯ ಪಶು ಆಸ್ಪತ್ರೆಯಲ್ಲಿರಬೇಕು. ಏಪ್ರಿಲ್‌ನಲ್ಲಿ ಶುರುವಾಗುವ ಹಣಕಾಸು ವರ್ಷದಲ್ಲಿ ಇದು ಆಗಬೇಕಾದರೆ ಬೇಡಿಕೆ ಪಟ್ಟಿ ಹಿಂದಿನ ಚಳಿಗಾಲದಲ್ಲೇ ಹೋಗಿರಬೇಕು. ಎರಡನೆಯದು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಡಿಗೆ ಹೋಗುವ ಪ್ರತಿ ದನಕ್ಕೂ ಉಚಿತ ಚಿಕಿತ್ಸೆ. ಮಳೆಯಲ್ಲಿ ಮದ್ದು ತೊಳೆದು ಹೋಗುತ್ತದೆ ಎಂಬ ರೈತರ ಅನುಭವ ನಿಜ; ಸ್ಪ್ರೇ ಹೊಡೆದು ಮಳೆಗೆ ಬಿಟ್ಟರೆ ಹಾಗೇ ಆಗುತ್ತದೆ. ಸಂಜೆ ಕೊಟ್ಟಿಗೆಯಲ್ಲಿ, ಒಣಗಿದ ಮೈಯ ಬೆನ್ನಗುಂಟ ಸುರಿಯುವ ಬಗೆಯ ಔಷಧಗಳಿವೆ. ಯಾವ ದನಕ್ಕೆ ಯಾವುದು, ಹಾಲು ಕರೆಯುವ ಹಸುವಿಗೆ ಯಾವುದು ಬೇಡ ಎಂಬುದನ್ನು ಪಶುವೈದ್ಯರೇ ನಿರ್ಧರಿಸಬೇಕು. ವರ್ಷಪೂರ್ತಿ ಒಂದೇ ಮದ್ದನ್ನು ಮನಸ್ಸಿಗೆ ಬಂದಂತೆ ಹೊಡೆದು ಹೊಡೆದು ದೇಶದ ಹಲವೆಡೆ ಮೈಕ್ರೊಪ್ಲಸ್ ಆ ಮದ್ದಿಗೆ ಬಗ್ಗದಂತಾಗಿದೆ. ಕಾಲ ನೋಡಿ ಹಾಕಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ.

ಮೂರನೆಯದು, ಲೆಕ್ಕ. ಈಗ ಎಣಿಸುತ್ತಿರುವುದು ಸತ್ತ ಮಂಗಗಳನ್ನು ಮತ್ತು ಜ್ವರದ ಮನುಷ್ಯರನ್ನು. ಅದರ ಜೊತೆಗೆ ಜುಲೈ, ಆಗಸ್ಟ್‌ನಲ್ಲಿ ಪ್ರತಿ ಊರಿನ ಹತ್ತು ದನಗಳ ಮೈಮೇಲಿನ ಉಣುಗನ್ನು, ಬಗೆ ಗುರುತಿಸಿ, ಎಣಿಸಲಿ. ಯಾವ ಊರಿನಲ್ಲಿ ಮುಂದಿನ ಬೇಸಿಗೆಗೆ ಹೆಚ್ಚು ಎಚ್ಚರ ಬೇಕು ಎಂಬ ಸುಳಿವು ಒಂದು ಮಂಗವೂ ಸಾಯುವ ಮೊದಲೇ ಸಿಕ್ಕೀತು. ಇದೆಲ್ಲ ಮಾಡಿದ ಮಾತ್ರಕ್ಕೆ ಕಾಯಿಲೆ ಅಳಿಯುವುದಿಲ್ಲ. ಕಾಟಿ, ಕಡವೆಗಳಿಗೆ ಯಾರೂ ಮದ್ದು ಹಾಕಲಾರರು. ಡೆಪಾ ಎಣ್ಣೆ, ಗಂಬೂಟು, ಲಸಿಕೆ ಎಲ್ಲವೂ ಬೇಕು. ಊರಿನ ಅಂಚಿನಲ್ಲಿ, ಜನ ಓಡಾಡುವ ಜಾಗದಲ್ಲಿ ಉಣುಗು ಕಡಿಮೆಯಾದರೂ ಅದು ದೊಡ್ಡ ಗಳಿಕೆ.

ಕರ್ನಾಟಕದ ಹೊರಗಿರುವವರಿಗೆ ಇದು ದೂರದ ಸುದ್ದಿಯಲ್ಲ. ಸೊರಬದಲ್ಲಿ ಶುರುವಾದದ್ದು 2012ರಲ್ಲಿ ಬಂಡೀಪುರದಲ್ಲಿ, ಮರುವರ್ಷ ವಯನಾಡಿನಲ್ಲಿ, 2015ರಲ್ಲಿ ಗೋವಾದ ಸತ್ತರಿಯಲ್ಲಿ, 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗದಲ್ಲಿ ಕಾಣಿಸಿಕೊಂಡಿದೆ. ಗೋವಾದಲ್ಲಿ ಗೇರುಬೀಜ ಹೆಕ್ಕುವ ಕೂಲಿಗಳು ಮೊದಲು ಬಲಿಯಾದವರಲ್ಲಿದ್ದರು. ಪುಣೆಯಿಂದ, ಮುಂಬಯಿಯಿಂದ ಮಕ್ಕಳನ್ನು ಕರೆದುಕೊಂಡು ಊರಿಗೆ ಹೋಗುವುದು ಏಪ್ರಿಲ್, ಮೇ ರಜೆಯಲ್ಲಿ, ಅಂದರೆ ನಿಂಫ್ ಕಾಲದಲ್ಲೇ. ಹೋದಾಗ ಕಾಲಿಗೆ ಎಣ್ಣೆ ಹಚ್ಚಿ, ತರಗೆಲೆಯ ಮೇಲೆ ಕೂರಬೇಡಿ, ಮನೆಗೆ ಬಂದು ಬಿಸಿನೀರಿನಲ್ಲಿ ಮೈತೊಳೆದು ಬಟ್ಟೆ ಒಗೆಯಿರಿ ಎಂಬ ಬುದ್ಧಿಮಾತು ಎಲ್ಲರಿಗೂ ಗೊತ್ತು.

ಇನ್ನೊಂದು ಕೆಲಸ ಜುಲೈಯದ್ದು. ಊರಿಗೆ ಫೋನ್ ಮಾಡಿದಾಗ ಮಳೆ ಹೇಗಿದೆ, ಕರೆಂಟ್ ಇದೆಯಾ ಎಂದು ಕೇಳುವುದರ ಜೊತೆಗೆ, ದನಕ್ಕೆ ಉಣುಗು ಹತ್ತಿದೆಯಾ, ಡಾಕ್ಟರು ಬಂದು ಮದ್ದು ಹಾಕಿದರಾ ಎಂದೂ ಕೇಳಬೇಕು. ಇಲ್ಲ ಎಂಬ ಉತ್ತರ ಬಂದರೆ ಪಂಚಾಯ್ತಿಗೆ, ತಾಲೂಕಿನ ಪಶು ಆಸ್ಪತ್ರೆಗೆ, ಶಾಸಕರಿಗೆ ಆಗಲೇ ಬರೆಯಬೇಕು. ಜನವರಿಯಲ್ಲಿ ಬರೆದ ಪತ್ರಕ್ಕೆ ಸಂತಾಪದ ಉತ್ತರ ಬರಬಹುದು. ಜುಲೈಯಲ್ಲಿ ಬರೆದರೆ ಮದ್ದು ಬರುವ ಸಾಧ್ಯತೆಯಾದರೂ ಇರುತ್ತದೆ.